ಒದ್ದೆ ಮರಿಯ ಸುಳಿ

ಇದನ್ನು ಹೇಳಬೇಕೆಂದು ಎರಡು ಸುಗ್ಗಿಯಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಮೊದಲು ಕನ್ನಡಕ ಸರಿಯಿಲ್ಲ ಅಂದುಕೊಂಡೆ. ಆಮೇಲೆ ರಾಗಿ ಒಕ್ಕಣೆ ಮುಗಿಯಲಿ ಅಂದುಕೊಂಡೆ. ಕೊನೆಗೆ, ಫೋನಿನೊಳಗಿನ ಕುದುರೆಮರಿಯ ವಿಷಯ ಬರೆದರೆ ಓದಿದವರು ನಕ್ಕಾರು ಎಂದು ಸುಮ್ಮನಾದೆ. ಇವೆಲ್ಲ ನೆಪ. ನಿಜವೆಂದರೆ, ಇದನ್ನು ಹೇಳಲು ಹೊರಟರೆ ಕೊನೆಗೆ ಒಂದು ಮಾತು ಆಡಲೇಬೇಕಾಗುತ್ತದೆ. ನಮ್ಮ ಕಡೆ ಮಾವನಾದವನು ಸೊಸೆಗೆ ಆ ಮಾತು ಹೇಳಿದ್ದನ್ನು ನಾನು ಕೇಳಿಲ್ಲ.

ಈ ಬೆಳಿಗ್ಗೆ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ. ಹಿತ್ತಿಲ ಒಲೆಯ ಮೇಲೆ ಹುರುಳಿ ಬೇಯುತ್ತಿತ್ತು. ಆ ವಾಸನೆ ಗೊತ್ತಿದ್ದವರಿಗೆ ಗೊತ್ತು, ಅರ್ಧ ಅಡುಗೆಮನೆಯದು, ಅರ್ಧ ಕೊಟ್ಟಿಗೆಯದು. ಜಗಲಿಯ ಮೇಲೆ ಕೂತಿದ್ದ ನನ್ನ ಮುಂದೆ ಸೊಸೆ ಬಂದು, ಹಳೆಯ ಫೋನನ್ನು ಚಾರ್ಜರಿನ ಸಮೇತ ಇಟ್ಟಳು.

"ಒಸಿ ತಾಳು ಇವತ್ತು ಈಯ್ತಾಳೆ ಮಾವ. ನಾನು ಶಿಫ್ಟು ಮುಗಿಸ್ಕಂಡು ಬರೋಗಂಟ ನೋಡ್ಕತ್ತೀರಾ?"

ಒಸಿ ತಾಳು, ಅಂದರೆ ಸ್ವಲ್ಪ ತಡೆ, ಎನ್ನುವುದು ಒಂದು ಕುದುರೆಯ ಹೆಸರು. ಆ ಹೆಸರು ಹೇಗೆ ಬಂತೆಂದು ಮುಂದೆ ಹೇಳುತ್ತೇನೆ. ನಾನು ಹೂಂ ಅಂದೆ. ಅವಳು ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ಹೊರಟಳು. ಅವಳಿಲ್ಲದ ಹೊತ್ತಿನಲ್ಲಿ ಕುದುರೆ ಈಯುವುದನ್ನು ನೋಡಿಕೊಳ್ಳಲು ಅವಳು ನನ್ನ ಕೈಗೆ ಆ ಫೋನು ಕೊಟ್ಟಿದ್ದು ಇದು ಎರಡನೇ ಸಲ. ಮೊದಲನೇ ಸಲ ಕೊಟ್ಟಾಗ ನಾನು ಮಾಡಿದ್ದನ್ನು ಅವಳು ಮರೆತಿರಬಹುದು. ನನಗೆ ಕೂತಲ್ಲಿ ಕೂರಲಾಗಲಿಲ್ಲ.

ನಾನು ತಿಪ್ಪಸಂದ್ರದ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಹೊಲಕ್ಕಿಳಿದವನು. ಆದರೆ ಸುತ್ತಿನ ಊರವರು ನನ್ನನ್ನು ಗುರುತಿಸುತ್ತಿದ್ದದ್ದು ಹೊಲದಿಂದಲ್ಲ, ಕಣ್ಣಿನಿಂದ. ಹೋರಿ ಕೊಳ್ಳುವವರು ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಹಲ್ಲು, ಗೊರಸು, ಗಂಗೆದೊಗಲು, ಬಾಲ ಎಲ್ಲ ನೋಡುತ್ತಿದ್ದೆ, ಎಲ್ಲಕ್ಕಿಂತ ಹೆಚ್ಚಾಗಿ ಸುಳಿ ನೋಡುತ್ತಿದ್ದೆ. ದನದ ಮೈಕೂದಲು ಒಂದೊಂದು ಕಡೆ ಚಕ್ರದ ಹಾಗೆ ಸುತ್ತಿಕೊಂಡಿರುತ್ತದಲ್ಲ, ಅದೇ ಸುಳಿ. ಇರಬೇಕಾದ ಕಡೆ ಇದ್ದರೆ ಮನೆ ಬೆಳೆಯುತ್ತದೆ, ಇರಬಾರದ ಕಡೆ ಇದ್ದರೆ ಕರು ಎಷ್ಟು ಚೆಂದವಿದ್ದರೂ ಕೊಟ್ಟಿಗೆಗೆ ಕಟ್ಟುವುದಿಲ್ಲ. ನಾನು ಬೆರಳಿಟ್ಟು "ಬ್ಯಾಡ" ಎಂದರೆ ಮುಗಿಯಿತು, ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಹೀಗೆ ಯಾರೂ ಯಾಕೆ ಎಂದು ಕೇಳದೆ ಬಹಳ ವರ್ಷ ಬದುಕಿದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಅದು ನನಗೂ ಅಂಟಿತ್ತು.

ಎರಡು ವರ್ಷದ ಹಿಂದಿನ ಆಷಾಢದಲ್ಲಿ ಸೋನೆ ಹಿಡಿದದ್ದು ಬಿಟ್ಟಿರಲಿಲ್ಲ. ರಾಗಿ ಬಿತ್ತನೆ ಮುಗಿಸಿ ಬರುವಾಗ ಬದುವಿನ ಮೇಲೆ ಜಾರಿ ಬಿದ್ದು ಮಂಡಿ ಹೋಯಿತು. ಮಂಡಿಗೆ ದಪ್ಪ ಪಟ್ಟಿ ಕಟ್ಟಿ, ಕಾಲು ಊರಬಾರದೆಂದು ಡಾಕ್ಟರು ಹೇಳಿದರು. ಹೆಂಡತಿ ಕೊಟ್ಟಿಗೆ ನೋಡುತ್ತಿದ್ದಳು. ಮಗ ಹಾಲಿನ ವ್ಯಾನು ತೆಗೆದುಕೊಂಡು ಕತ್ತಲಿರುವಾಗಲೇ ಹೋಗುತ್ತಿದ್ದ. ಸೊಸೆ ಬಿಡದಿಯ ಒಂದು ಕಾರ್ಖಾನೆಯಲ್ಲಿ ಕಾರಿನ ವೈರು ಜೋಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ನಾನೊಬ್ಬ ಜಗಲಿಯ ಮೇಲೆ, ಮಳೆ ನೋಡಿಕೊಂಡು.

ಒಂದು ಸಂಜೆ ಅವಳು ಬಂದು ಬಾಗಿಲ ಪಕ್ಕ ನಿಂತಳು.

"ಮಾವ, ಒಂದು ಉಪಕಾರ ಆಗ್ಬೇಕಿತ್ತು. ನಾಳೆ ಅರ್ಕಾವತಿ ಈಯ್ತಾಳೆ."

ಒಳಗಿನಿಂದ ನನ್ನ ಹೆಂಡತಿ ಕೇಳಿದಳು, "ಯಾರವ್ವ ಅದು ಅರ್ಕಾವತಿ? ಯಾರ ಮನೆ ಹಸ?"

"ಹಸ ಅಲ್ಲ ಅತ್ತೆ, ಕುದುರೆ. ಫೋನಲ್ಲಿರೋದು."

ಹೆಂಡತಿ ಕೈಲಿದ್ದ ಮೊರ ಕೆಳಗಿಟ್ಟು ನಕ್ಕಳು. ನನಗೂ ನಗು ಬಂತು. ಆದರೆ ಸೊಸೆ ನಗಲಿಲ್ಲ. ನನ್ನ ಪಕ್ಕ ಕೂತು ಎಲ್ಲವನ್ನೂ ವಿವರಿಸಿದಳು. ಆಟದಲ್ಲಿ ಅವಳಿಗೆ ಒಂದು ಲಾಯವಿದೆ. ಗಂಡು ಹೆಣ್ಣು ಕುದುರೆ ಕೂಡಿಸಿ ಮರಿ ಹುಟ್ಟಿಸಬೇಕು. ಮರಿಯನ್ನು ಸಾಕಿ, ನಡಿಗೆ ಕಲಿಸಿ, ವರ್ಷದ ಕೊನೆಯ ಪರೀಕ್ಷೆಯಲ್ಲಿ ನಿಲ್ಲಿಸಬೇಕು. ಅಲ್ಲಿ ತಲೆ, ಕತ್ತು, ಬೆನ್ನು, ಕಾಲು, ನಡಿಗೆ, ಗುಣ ಎಲ್ಲ ನೋಡಿ ದರ್ಜೆ ಕೊಡುತ್ತಾರೆ. ಒಂದೇ ಲಾಯದಲ್ಲಿ ಐದು ತಲೆಮಾರು ಹುಟ್ಟಿಸಿ, ಐದನೆಯದಕ್ಕೆ ಮೊದಲ ದರ್ಜೆ ಬಂದರೆ ಆ ತಳಿಗೆ ಸಾಕಿದವರೇ ಹೆಸರಿಡಬಹುದು. ಅವಳು ಬಸ್ಸಿನಲ್ಲಿ ಹೋಗುತ್ತ ಬರುತ್ತ ನಾಲ್ಕು ತಲೆಮಾರು ದಾಟಿದ್ದಳು. ಅರ್ಕಾವತಿ ನಾಲ್ಕನೆಯದು. ಅವಳ ಹೊಟ್ಟೆಯಲ್ಲಿರುವುದು ಐದನೆಯದು. ಕಾರ್ಖಾನೆಯೊಳಗೆ ಫೋನು ಬಿಡುವುದಿಲ್ಲ, ಗೇಟಿನಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಮರಿ ಹುಟ್ಟಿದ ಕೂಡಲೇ ಯಾರಾದರೂ ನೋಡಿಕೊಳ್ಳದಿದ್ದರೆ ಅದು ಬಡವಾಗುತ್ತದೆ.

"ಮೊದ್ಲು ಬೆರಳಲ್ಲಿ ಹಿಂಗೆ ಮೈ ಒರೆಸಿ. ಆಮೇಲೆ ಹಾಲು ಕುಡಿಸಿ. ಲಾಯದಲ್ಲಿ ಜಾಗ ಇಲ್ಲ, ಅದಕ್ಕೇ ಆ ಹಳೇ ಕಂದು ಕುದುರೇನ ಗೋಮಾಳಕ್ಕೆ ಬುಟ್ಬುಡಿ. ಅಷ್ಟೆ."

ಗೋಮಾಳ ಎಂದು ಅವಳು ಕರೆಯುತ್ತಿದ್ದದ್ದು ಆಟದಲ್ಲಿ ಬೇಡದ ಕುದುರೆಗಳನ್ನು ಬಿಡುವ ಬಯಲನ್ನು. ಅಲ್ಲಿಗೆ ಬಿಟ್ಟದ್ದನ್ನು ಯಾರು ಬೇಕಾದರೂ ಹಿಡಿದುಕೊಂಡು ಹೋಗಬಹುದು. ಬಿಟ್ಟವರು ವಾಪಸ್ಸು ಕೇಳುವಂತಿಲ್ಲ.

ಮಾರನೇ ದಿನ ಮಧ್ಯಾಹ್ನ ಮರಿ ಹುಟ್ಟಿತು. ಸುಳ್ಳು ಹೇಳಬಾರದು, ಫೋನನ್ನು ಕಣ್ಣಿನ ಹತ್ತಿರಕ್ಕೇ ತಂದುಕೊಂಡೆ. ಕಾಲು ಮಡಚಿಕೊಂಡು, ಮೈಯೆಲ್ಲ ಒದ್ದೆಯಾಗಿ ಮಲಗಿದ್ದ ಮರಿಯನ್ನು ಎಷ್ಟು ನಿಜವಾಗಿ ಬರೆದಿದ್ದರು! ನಾನು ಕನ್ನಡಕ ಒರೆಸಿಕೊಂಡು, ಅಭ್ಯಾಸದಂತೆ, ತಲೆಯಿಂದ ಬಾಲದವರೆಗೆ ನೋಡಿದೆ. ಬೆನ್ನಿನ ಮೇಲೆ ಕಣ್ಣು ನಿಂತಿತು. ನಡುಬೆನ್ನಿನಿಂದ ಪಕ್ಕಕ್ಕೆ ಸರಿದು ಜೋಡಿ ಸುಳಿ. ಹೋರಿಯಲ್ಲಿ ಅಂಥದ್ದನ್ನು ಕಂಡರೆ ನಾನು ಹಗ್ಗ ಮುಟ್ಟುತ್ತಿರಲಿಲ್ಲ.

ಮೈ ಒರೆಸಲಿಲ್ಲ. ಹಾಲು ಕುಡಿಸಲಿಲ್ಲ. ಹಳೇ ಕಂದು ಕುದುರೆಯನ್ನು ಬಿಡಲಿಲ್ಲ. ಮರಿಯನ್ನೇ ಬಿಟ್ಟೆ. ನಿಜವಾಗಿಯೂ ಬಿಡಬೇಕೆ ಎಂದು ಆಟ ಇನ್ನೊಂದು ಸಲ ಕೇಳಿತು. ಯಾಕೆ ಎಂದು ಅದೂ ಕೇಳಲಿಲ್ಲವಲ್ಲ. ಹೌದು ಎಂದು ಒತ್ತಿದೆ. ಕೈ ತಪ್ಪಿ ಒತ್ತಿದ್ದಲ್ಲ. ಸೊಸೆಗೊಂದು ಒಳ್ಳೆಯದು ಮಾಡಿದೆ ಅಂದುಕೊಂಡೇ ಒತ್ತಿದೆ.

ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ "ಹುಟ್ತಾ ಮಾವ?" ಎಂದಳು.

"ಹುಟ್ತು. ಸುಳಿ ಸರಿ ಇರ್ನಿಲ್ಲ. ಬುಟ್ಟೆ."

ಅವಳು ಫೋನು ತೆಗೆದುಕೊಂಡು ಗೋಮಾಳದಲ್ಲಿ ಹುಡುಕಿದಳು. ಮರಿ ಇರಲಿಲ್ಲ. ಯಾವುದೋ ದೇಶದವರು ಆಗಲೇ ಹಿಡಿದುಕೊಂಡು ಹೋಗಿದ್ದರು. ಅವಳು ನಿಂತೇ ಅವರಿಗೆ ಏನೋ ಬರೆದಳು. ಕಾದಳು. ಉತ್ತರ ಬರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ದನಿ ಏರಿಸದೆ ಹೇಳಿದಳು:

"ನನ್ ತಲೇಲೂ ಎರಡು ಸುಳಿ ಅವೆ ಮಾವ. ನನ್ನೂ ಬುಟ್ಬುಡಿ."

ತಲೆಯಲ್ಲಿ ಎರಡು ಸುಳಿ ಇದ್ದ ಹೆಣ್ಣನ್ನು ಮನೆಗೆ ತರಲು ನಮ್ಮ ಕಡೆ ಹಿಂದೆಮುಂದೆ ನೋಡುತ್ತಾರೆ. ಅವಳಿಗೆ ಎರಡು ಸುಳಿ ಇರುವುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಆ ಕ್ಷಣದಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೂ ಸಾಕಿತ್ತು. ಮುಚ್ಚಿಕೊಳ್ಳಲಿಲ್ಲ. ಅವಳ ಅಪ್ಪ ಚನ್ನಪಟ್ಟಣದಲ್ಲಿ ಜಟಕಾ ಓಡಿಸುತ್ತಿದ್ದವರು. ಅದನ್ನೇ ಎತ್ತಿಕೊಂಡೆ.

"ಜಟಕಾ ಎಳೆಯೋ ಕುದ್ರೆ ನೋಡ್ಕಂಡು ಬೆಳೆದೋಳು ನೀನು. ಲಕ್ಷಣ ಅಂದ್ರೇನು ಅಂತ ನಿಂಗೇನು ಗೊತ್ತು? ಆಟದ ಕುದ್ರೆಗೆ ಇಷ್ಟು ಗೋಳು ಬ್ಯಾರೆ."

ಅವಳು ಒಳಗೆ ಹೋದಳು. ಆ ದಿನವೂ ಮುದ್ದೆ ಬಿಸಿಯಾಗಿಯೇ ನನ್ನ ತಟ್ಟೆಗೆ ಬಂತು. ಬಡಿಸಿದವಳು ಮಾತ್ರ ನನ್ನ ಕಡೆ ನೋಡಲಿಲ್ಲ.

ಆ ವಾರವೇ ಕುದೂರಿನಿಂದ ಚಿಕ್ಕಣ್ಣ ನನ್ನ ಕಾಲು ನೋಡಲು ಬಂದ. ನಾವಿಬ್ಬರೂ ಹುಡುಗರಾಗಿದ್ದಾಗಿನಿಂದ ಒಟ್ಟಿಗೆ ಹೋರಿ ನೋಡಿದವರು. ಬಂದವನೇ ಶುರು ಮಾಡಿದ.

"ಏನ್ಲಾ, ಹೋರಿ ಬುಟ್ಟು ಕುದ್ರೆಗೆ ಬಿದ್ದಂತೆ? ಅದೂ ಹುಲ್ಲು ತಿನ್ದಿರೋ ಕುದ್ರೆ!"

ಇವನಾದರೂ ನನ್ನ ಪಕ್ಷ ವಹಿಸುತ್ತಾನೆ ಎಂದುಕೊಂಡು ನಡೆದದ್ದನ್ನೆಲ್ಲ ಹೇಳಿದೆ. ಸುಳಿ ಎಲ್ಲಿತ್ತು ಎಂದು ನನ್ನ ತೊಡೆಯ ಮೇಲೆ ಬೆರಳಲ್ಲಿ ಬರೆದು ತೋರಿಸಿದೆ. ಚಿಕ್ಕಣ್ಣ ಕಾಫಿ ಲೋಟ ಕೆಳಗಿಟ್ಟ.

"ಮೈ ಒಣಗಿತ್ತೇನ್ಲಾ?"

"ಏನು?"

"ಮರಿ ಮೈ ಒಣಗಿತ್ತಾ ಅಂತ ಕೇಳ್ದೆ. ಹುಟ್ಟಿದ ಕರೂನ ತಾಯಿ ನೆಕ್ಕಿರ್ತದೆ. ನೆಕ್ಕಿದ ಕಡೆಯೆಲ್ಲ ಕೂದ್ಲು ಸುತ್ಕಂಡಿರ್ತದೆ. ಒಣಗೋ ಮುಂಚೆ ಸುಳಿ ನೋಡಬ್ಯಾಡ ಅಂತ ನಂಗೆ ಹೇಳ್ಕೊಟ್ಟೋನು ನೀನೇ ಕಣ್ಲಾ."

ಹೌದು. ನಾನೇ ಹೇಳಿಕೊಟ್ಟಿದ್ದೆ. ಒಣಗಿದ ಮೇಲೆ, ಕೈಯಲ್ಲಿ ಸವರಿ, ಮತ್ತೂ ಉಳಿದರೆ ಅದು ಸುಳಿ. ಇಲ್ಲದಿದ್ದರೆ ಅದು ತಾಯಿಯ ನಾಲಿಗೆ. ಹೋರಿ ನೋಡುವವನ ಮೊದಲ ಪಾಠವದು. ಅವಳು ಹೇಳಿಹೋದ ಮೊದಲ ಕೆಲಸವೂ ಅದೇ, ಮೈ ಒರೆಸುವುದು. ಜಟಕಾದವನ ಮಗಳಿಗೆ ಲಕ್ಷಣ ಕಲಿಸಲು ಹೋದವನು ನನ್ನ ಕಸುಬಿನ ಅಕ್ಷರಾಭ್ಯಾಸವನ್ನೇ ಮರೆತಿದ್ದೆ. ಸೊಸೆ ಹೇಳಿದ್ದನ್ನು ಯಾಕೆ ಕೇಳಬೇಕು ಎಂಬ ಗತ್ತಿನಲ್ಲಿ ಮರೆತಿದ್ದೆ.

ಚಿಕ್ಕಣ್ಣ ಹೊರಟುಹೋದ. ಆವತ್ತು ಸಂಜೆ ಸೊಸೆ ಬಂದಾಗ ಕರೆದು, "ಅರ್ಕಾವತಿ ಇನ್ನೊಂದು ಸಲ ಈಯ್ತಾಳಾ?" ಎಂದು ಕೇಳಿದೆ.

"ವಯಸ್ಸಾಯ್ತು. ಇನ್ನೊಂದೇ ಸಲ."

"ಹಂಗಾರೆ ಆ ಮರಿಗೆ ನಾನೂ ಕೂತ್ಕತ್ತೀನಿ. ನೀ ಹೇಳ್ದಂಗೆ ಮಾಡ್ತೀನಿ. ಪರೀಕ್ಷೇಲಿ ನಿಲ್ಲಿಸ್ಲೇಬೇಕು."

ಇಷ್ಟು ಹೇಳಿದೆನೇ ಹೊರತು ತಪ್ಪಾಯಿತು ಎನ್ನಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು. ಕೆಲಸ ಮಾಡಿ ತೋರಿಸಿದರೆ ಮಾತು ಯಾಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವಳು "ಆಗ್ಲಿ ಮಾವ," ಎಂದಳು.

ಆಟದೊಳಗಿನ ಕಾಲ ನಮ್ಮ ಕಾಲಕ್ಕಿಂತ ಬೇಗ ಓಡುತ್ತದೆ. ಶ್ರಾವಣದ ಒಂದು ಭಾನುವಾರ, ಅವಳಿಗೆ ರಜೆ ಇದ್ದಾಗಲೇ, ಅರ್ಕಾವತಿ ಕೊನೆಯ ಮರಿ ಹಾಕಿದಳು. ಹೆಣ್ಣುಮರಿ. ನಾವಿಬ್ಬರೂ ಜಗಲಿಯ ಮೇಲೆ ಫೋನಿನ ಮೇಲೆ ಬಾಗಿ ಕೂತಿದ್ದೆವು. ಒದ್ದೆ ಬೆನ್ನಿನ ಮೇಲೆ ಮತ್ತೆ ಅದೇ ಜೋಡಿ ಸುಳಿ! ಗೊತ್ತಿದ್ದೂ ನನ್ನ ಬಾಯಿ ತೆರೆಯಿತು.

"ಒಸಿ ತಾಳಿ ಮಾವ," ಎಂದಳು ಅವಳು, ಮಾತು ಹೊರಡುವ ಮೊದಲೇ.

ಬೆರಳಿನಿಂದ ನಿಧಾನವಾಗಿ ಮೈ ಒರೆಸಿದಳು. ಒಂದೊಂದು ಸಲ ಸವರಿದಾಗಲೂ ಕೂದಲು ನೇರವಾಗುತ್ತ ಬಂತು. ಕೊನೆಗೆ ಬೆನ್ನು ಹೊಸ ಕಂಬಳಿಯ ಹಾಗೆ ನುಣ್ಣಗಾಯಿತು. ಸುಳಿಯ ಗುರುತೂ ಇರಲಿಲ್ಲ. ನಾನು ತಲೆ ತಗ್ಗಿಸಿದೆ. ಹೆಸರು ಏನು ಎಂದು ಆಟ ಕೇಳಿತು. ಅವಳು ತುಟಿ ಕಚ್ಚಿಕೊಂಡು ನಗು ತಡೆಯುತ್ತ, 'ಒಸಿ ತಾಳು' ಎಂದು ಬರೆದಳು. ಆ ಜಗಳದ ನಂತರ ಅವಳು ನನ್ನ ಮುಂದೆ ನಕ್ಕದ್ದು ಅದೇ ಮೊದಲು.

ಆಮೇಲಿನ ತಿಂಗಳುಗಳನ್ನು ನೆನೆದರೆ ನನಗೆ ರಾಗಿ ಪೈರು ಮತ್ತು ಆ ಮರಿ ಒಟ್ಟೊಟ್ಟಿಗೆ ಬೆಳೆದದ್ದು ಕಾಣುತ್ತದೆ. ಹೊಲದಲ್ಲಿ ಕಳೆ ತೆಗೆಯುವ ಹೊತ್ತಿಗೆ ಮರಿ ಹಾಲು ಬಿಟ್ಟು ಹುಲ್ಲಿಗೆ ಬಾಯಿ ಹಾಕಿತು. ಮೊದಮೊದಲು ಅವಳು ಮನೆಯಲ್ಲಿದ್ದಾಗ ಮಾತ್ರ ಫೋನು ಕೊಡುತ್ತಿದ್ದಳು. ಅದು ಸರಿಯಾಗಿತ್ತು. ಆಮೇಲೆ ಶಿಫ್ಟಿಗೆ ಹೋಗುವಾಗ, ಮೇವು ಹಾಕಲು ಮತ್ತು ನಡೆಸಲು ಬಿಟ್ಟುಹೋದಳು.

ನಾನು ಅಲ್ಲೂ ಒಂದು ಎಡವಟ್ಟು ಮಾಡಿದೆ. ಮಾರಾಟಕ್ಕೆ ನಿಲ್ಲಿಸುವ ಹೋರಿಗೆ ಹುರುಳಿ, ಹಿಂಡಿ ತಿನ್ನಿಸಿ ಮೈ ತುಂಬಿಸುವ ಹಾಗೆ, ಮರಿಗೂ ಸಿಕ್ಕಿದ ಕಾಳೆಲ್ಲ ತಿನ್ನಿಸಿದೆ. ಅದರ ಹೊಟ್ಟೆ ಇಳಿಬಿತ್ತು, ನಡಿಗೆ ಭಾರವಾಯಿತು.

"ಇದು ಗಿರಾಕಿ ಕಣ್ ಕಟ್ಟೋ ವ್ಯಾಪಾರ ಅಲ್ಲ ಮಾವ," ಎಂದಳು. "ನಾಳೆಯಿಂದ ಕಾಳು ಬಂದ್. ನಡ್ಸಿ."

ನಡೆಸುವುದೆಂದರೆ ಮರಿಯ ಹೆಜ್ಜೆಗೆ ಸರಿಯಾಗಿ ಹೆಬ್ಬೆರಳು ಒತ್ತುತ್ತ ಹೋಗಬೇಕು. ತಾಳ ತಪ್ಪಿದರೆ ಮರಿ ಎಡವುತ್ತದೆ. ನನ್ನ ಹೆಬ್ಬೆರಳು ನಡುಗುತ್ತಿತ್ತು, ಮರಿ ದಿನಾ ಎಡವುತ್ತಿತ್ತು. ಅಷ್ಟರಲ್ಲಿ ನನ್ನ ಮಂಡಿಯ ಪಟ್ಟಿ ಬಿಚ್ಚಿದ್ದರು, ದಿನಾ ನಡೆಯಬೇಕೆಂದು ಹೇಳಿದ್ದರು. ನೋವಿಗೆ ಹೆದರಿ ನಾನು ಏಳುತ್ತಿರಲಿಲ್ಲ. ಅವಳೇ ಉಪಾಯ ಹೇಳಿದಳು: "ನೀವು ಹೆಜ್ಜೆ ಇಟ್ಕಂಡು ಒತ್ತಿ ಮಾವ. ಕಾಲು ತಾಳ ಹೇಳ್ತದೆ, ಬೆರಳು ಕೇಳ್ತದೆ."

ಹಾಗೆ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಫೋನು ಹಿಡಿದುಕೊಂಡು ನಾನು ಅಂಗಳದಲ್ಲಿ ಕುದುರೆ ನಡೆಸಿದೆ. ದಾರಿಹೋಕರು ನಿಂತು ನೋಡಿದರು. ನನ್ನ ಹೆಂಡತಿ ಕೊಟ್ಟಿಗೆಯಿಂದ ಕೂಗಿದಳು, "ಇಲ್ಲಿ ಹಸ ಈದಾಗ ಎದ್ದು ಬರ್ನಿಲ್ಲ, ಈಗ ನೋಡಿ, ಫೋನಿಗೆ ಬಾಣಂತನ ಮಾಡ್ತಾವ್ರೆ ಇವ್ರು!" ಬೈಸಿಕೊಂಡೆ, ಬಿಡಲಿಲ್ಲ. ಮಂಡಿ ಊದಿದ ದಿನವೂ ಬಿಡಲಿಲ್ಲ. ಗೌರಿಹಬ್ಬ ಕಳೆದು ರಾಗಿ ತೆನೆ ಕಟ್ಟುವ ಹೊತ್ತಿಗೆ ಮರಿ ಎಡವದೆ ಅಂಗಳ ಸುತ್ತಿತು. ನಾನೂ ಕೋಲಿಲ್ಲದೆ ಸುತ್ತಿದೆ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಅವಳು ಹಿತ್ತಿಲಲ್ಲಿ ಹುರುಳಿ ಬೇಯಲಿಟ್ಟು ಒಲೆ ಊದುತ್ತಿದ್ದಳು. ನಾನು ಸುಮ್ಮನೆ ಕೇಳಿದೆ, "ತಳಿಗೆ ಹೆಸರು ಏನಿಡ್ತೀಯವ್ವ, ಗೆದ್ರೆ?"

"ಮಲ್ಲಿಗೆ," ಎಂದಳು. ಒಲೆಯ ಕಡೆಗೇ ನೋಡುತ್ತ ಹೇಳಿದಳು: "ಅಪ್ಪನ ಜಟಕಾ ಕುದುರೆ ಹೆಸರು ಮಾವ. ಬಿಳೀದು. ಅದಕ್ಕೆ ಹುರುಳಿ ಬೇಯಿಸೋದು ನನ್ ಕೆಲಸ. ಆಟೋಗಳು ಬಂದ್ಮೇಲೆ ಯಾರೂ ಹತ್ತುತಿರ್ನಿಲ್ಲ. ಒಂದಿನ ಸ್ಕೂಲಿಂದ ಬಂದು ನೋಡ್ತೀನಿ, ಗೂಟ ಐತೆ, ಕುದುರೆ ಇಲ್ಲ. ಮಾರ್ಬುಟ್ಟಿದ್ರು. ಹುರುಳಿ ನೆನೆಯಾಕಿ ಹೋಗಿದ್ದೆ ನಾನು ಬೆಳಿಗ್ಗೆ."

ಮತ್ತೆ ಒಲೆ ಊದಿದಳು. ಅವಳಿಲ್ಲದ ಹೊತ್ತಿನಲ್ಲಿ ಅವಳ ಕುದುರೆಯನ್ನು ಹಗ್ಗ ಬಿಚ್ಚಿ ಕಳಿಸಿದವರಲ್ಲಿ ನಾನು ಎರಡನೆಯವನು. ಮೊದಲನೆಯವರಿಗೆ ಬಡತನವಿತ್ತು. ನನಗೆ ಏನಿತ್ತು? ಆ ಹಬೆಯ ಮುಂದೆ, ಅವಳ ಬೆನ್ನ ಹಿಂದೆ ನಿಂತು ಮತ್ತೆ ಬಾಯಿ ತೆರೆದೆ. ಮತ್ತೆ ಮುಚ್ಚಿದೆ. ಮರಿ ಗೆಲ್ಲಲಿ, ಆ ಸಂತೋಷದಲ್ಲಿ ಹೇಳಿಬಿಡುತ್ತೇನೆ ಎಂದುಕೊಂಡೆ.

ಪರೀಕ್ಷೆ ಬಂದದ್ದು ರಾಗಿ ಕೊಯ್ಲು ಮುಗಿದು ಅವರೆಕಾಯಿ ಶುರುವಾದಾಗ. ಆವತ್ತು ಅವಳಿಗೆ ರಜೆ. ಅಂಗಳದಲ್ಲಿ ಅವರೆಕಾಯಿ ರಾಶಿ ಹಾಕಿಕೊಂಡು ಅತ್ತೆ ಸೊಸೆ ಸುಲಿಯುತ್ತಿದ್ದರು. ಫೋನನ್ನು ಮೊರಕ್ಕೆ ಒರಗಿಸಿ ಇಟ್ಟಿದ್ದೆವು. ಒಸಿ ತಾಳು ನಡೆದುಬಂದಳು. ನಾನು ಕೂತಲ್ಲೇ ಕಾಲಿನಲ್ಲಿ ತಾಳ ಹಾಕುತ್ತ ಬೆರಳು ಒತ್ತಿದೆ. ಒಂದು ಹೆಜ್ಜೆಯೂ ತಪ್ಪಲಿಲ್ಲ. ನನ್ನ ಹೆಂಡತಿಯೂ ಸುಲಿಯುವುದನ್ನು ನಿಲ್ಲಿಸಿದ್ದಳು.

ನಡಿಗೆಗೆ ಪೂರ್ತಿ ಬಂತು. ಗುಣಕ್ಕೆ ಬಂತು. ಬೆನ್ನಿಗೆ, ಕತ್ತಿಗೆ ಬಂತು. ಹಿಂಗಾಲಿಗೆ ಕಡಿಮೆ ಬಿತ್ತು. ಒಟ್ಟು ಎರಡನೇ ದರ್ಜೆ. ತಳಿ ಮುರಿಯುವುದಿಲ್ಲ, ಆದರೆ ಹೆಸರಿಡುವ ಹಕ್ಕು ಸಿಗುವುದಿಲ್ಲ. ಇದರ ಮರಿಯ ತನಕ ಕಾಯಬೇಕು.

"ಮೊದಲನೇದು ಯಾರಿಗೆ ಬಂತಂತೆ?" ಎಂದು ಹೆಂಡತಿ ಕೇಳಿದಳು.

ಸೊಸೆ ಪಟ್ಟಿಯನ್ನು ಮೇಲಕ್ಕೆ ಸರಿಸಿದಳು. ತುದಿಯಲ್ಲಿ ಅವಳ ಬೆರಳು ನಿಂತಿತು. ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟಳು. ಅಗಲವಾದ ಎದೆ, ನುಣುಪಾದ ಬೆನ್ನಿನ ಒಂದು ಗಂಡುಮರಿ. ಯಾವ ಕಡೆಯಿಂದ ನೋಡಿದರೂ ಬೆರಳಿಡಲು ಜಾಗವಿಲ್ಲ. ಯಾರೋ ಅದಕ್ಕೆ ತಮ್ಮ ಭಾಷೆಯ ಹೆಸರಿಟ್ಟಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಏನೋ ಇತ್ತು. ನನ್ನ ಹೈಸ್ಕೂಲು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ತಾಯಿ, ಅರ್ಕಾವತಿ. ಅದರ ಕೆಳಗೆ, ಹುಟ್ಟಿಸಿದವರು ಎಂಬ ಕಡೆ, ನನ್ನ ಸೊಸೆಯ ಹೆಸರು.

ನಾನು ಬಿಟ್ಟ ಮರಿ. ಅದರ ತಳಿಗೆ ಮಲ್ಲಿಗೆ ಎಂಬ ಹೆಸರು ಬರಬೇಕಾಗಿತ್ತು.

"ನೋಡಿದ್ರಾ ಮಾವ? ನಿಮ್ ಸುಳಿ ಮರಿ ಗೆದ್ಬುಡ್ತು," ಎಂದಳು. ಚುಚ್ಚಲು ಹೇಳಿದ್ದಲ್ಲ. ಅವಳ ಮುಖದಲ್ಲಿ ನಿಜವಾದ ಹೆಮ್ಮೆ ಇತ್ತು, ಬೇರೆ ಮನೆಗೆ ಕೊಟ್ಟ ಕರು ಚೆನ್ನಾಗಿ ಬೆಳೆದದ್ದನ್ನು ನೋಡಿದವರ ಹಾಗೆ. "ಇರ್ಲಿ ಬುಡಿ, ನಮ್ಮೋಳು ಇದ್ದಾಳಲ್ಲ. ಇವಳ ಮರೀಲಿ ನೋಡಣ," ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದಳು. ಕಣ್ಣನ್ನು ಮಾತ್ರ ಒಮ್ಮೆ ಭುಜಕ್ಕೆ ಒರೆಸಿಕೊಂಡಳು. ಎರಡೂ ಕೈ ಅವರೆಯ ಸೊಗಡಿನಿಂದ ಅಂಟಾಗಿದ್ದವು.

ಆಗಲೂ ನಾನು ಹೇಳಲಿಲ್ಲ. ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಬರುವುದಿಲ್ಲವೆಂದು ಗೊತ್ತಿದ್ದೂ ಹೇಳಲಿಲ್ಲ.

ಅದಾಗಿ ಎರಡು ಸುಗ್ಗಿ. ಒಂದೇ ಒಲೆಯಲ್ಲಿ ಬೆಂದದ್ದನ್ನು ಉಂಡುಕೊಂಡು, ದಿನಾ ಅವಳ ಕೈಯಿಂದ ಕಾಫಿ ಇಸಿದುಕೊಂಡು, ಈ ಒಂದು ಮಾತನ್ನು ಬಾಯೊಳಗೇ ಇಟ್ಟುಕೊಂಡಿದ್ದೇನೆ. ಒಸಿ ತಾಳು ದೊಡ್ಡವಳಾಗಿ, ಇಂದು ಈಯುವ ದಿನ ಬಂದಿದೆ.

ಇದನ್ನು ಬರೆಯುತ್ತಿರುವಾಗಲೇ, ಸ್ವಲ್ಪ ಹೊತ್ತಿಗೆ ಮುಂಚೆ, ಮರಿ ಹುಟ್ಟಿತು. ಬೆನ್ನ ಮೇಲೆ ಸುಳಿ ಇತ್ತು. ನಾನು ಬರೆಯುವುದನ್ನು ನಿಲ್ಲಿಸಿ, ಅವಸರ ಮಾಡದೆ, ಅವಳು ತೋರಿಸಿಕೊಟ್ಟ ಹಾಗೆ ಬೆರಳಲ್ಲಿ ಒರೆಸಿದೆ. ಸುಳಿ ಹೋಯಿತೋ ಉಳಿಯಿತೋ ಎಂದು ನೋಡಲಿಲ್ಲ. ಹಾಲು ಕುಡಿಸಿದೆ. ಲಾಯದಲ್ಲಿ ಅದಕ್ಕೆ ಜಾಗ ಮಾಡಿದೆ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ, ಅದು ಅವಳದ್ದು.

ಕಂಪನಿ ಬಸ್ಸು ಬರಲು ಇನ್ನು ಹೆಚ್ಚು ಹೊತ್ತಿಲ್ಲ. ಅವಳು ಅಂಗಳಕ್ಕೆ ಕಾಲಿಟ್ಟು "ಹುಟ್ತಾ ಮಾವ?" ಎಂದು ಕೇಳುತ್ತಾಳೆ. ಈ ಸಲ ಮರಿಯ ಸುದ್ದಿ ಎರಡನೆಯದು. ಮೊದಲು ಎದ್ದು ನಿಲ್ಲುತ್ತೇನೆ. ಮದುವೆಯಾಗಿ ಬಂದಾಗಿನಿಂದ ಏ ಹುಡುಗಿ, ಏನವ್ವ, ನೋಡಮ್ಮ ಎಂದೇ ಕರೆದಿದ್ದೇನೆ, ಒಮ್ಮೆಯೂ ಹೆಸರು ಹಿಡಿದು ಕರೆದಿಲ್ಲ. ದೂರದೇಶದವರ ಕುದುರೆಯ ಕೆಳಗೆ ಓದಿದ ಆ ಹೆಸರನ್ನು ಈಗ ನನ್ನ ಬಾಯಿಂದಲೇ ಹೇಳಿ, ತಪ್ಪು ನನ್ನದು, ಕ್ಷಮಿಸು ಎನ್ನುತ್ತೇನೆ. ಎದುರಿಗೆ ಬಂದಾಗ ನಾಲಿಗೆ ಮತ್ತೆ ಹಿಂದೆ ಸರಿಯದಿರಲಿ ಎಂದು ಆ ಹೆಸರನ್ನು ಮೊದಲು ಇಲ್ಲಿ ಬರೆದಿಡುತ್ತಿದ್ದೇನೆ.

ಪವಿತ್ರ.